ವೈನಿ ನೋಡದೆ ಬಂದ ಕೊನೆಯ ರೀಲು

ಧಾರವಾಡದಲ್ಲಿ ನನ್ನ ವಯಸ್ಸಿನವರು ಯಾರೂ ಒಂದಾದರೂ ಇಂಗ್ಲಿಷ್ ವೈಜ್ಞಾನಿಕ ಸಿನಿಮಾವನ್ನು ಪೂರ್ತಿ ನೋಡಿಲ್ಲ. ಇದು ನಾನು ಬಹಳ ಜವಾಬ್ದಾರಿಯಿಂದ ಮಾಡುತ್ತಿರುವ ಆರೋಪ. ಅಂಥ ಸಿನಿಮಾಗಳು ಬರುತ್ತಿದ್ದುದು ಹುಬ್ಬಳ್ಳಿಯ ಟಾಕೀಜುಗಳಿಗೆ. ನಾವಿದ್ದದ್ದು ಧಾರವಾಡದಲ್ಲಿ. ನಡುವೆ ಒಂದು ರಸ್ತೆ, ಆ ರಸ್ತೆಯ ಮೇಲೆ ತನಗೆ ತೋಚಿದ ಹೊತ್ತಿಗೆ ಹೊರಡುವ ಒಂದು ಬಸ್ಸು. ರಾತ್ರಿ ಆಟಕ್ಕೆ ಹೋದ ಗಂಡಸರು ಕಡೆಯ ಬಸ್ಸು ತಪ್ಪೀತೆಂದು ಏಳಬೇಕು. ಮ್ಯಾಟಿನಿಗೆ ಹೋದ ಹೆಣ್ಣುಮಕ್ಕಳು ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕೆಂದು ಏಳಬೇಕು. ಹೀಗಾಗಿ ಪರಗ್ರಹದ ಸೈನ್ಯ ಭೂಮಿಗೆ ಇಳಿದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ; ಅದು ಸೋತು ವಾಪಸು ಹೋದದ್ದನ್ನು ಯಾರೂ ಕಂಡಿಲ್ಲ. ನಮ್ಮ ಮಟ್ಟಿಗೆ ಅದು ಇನ್ನೂ ಇಲ್ಲೇ ಎಲ್ಲೋ ಬಾಡಿಗೆಗೆ ಇದೆ.

ಇದಕ್ಕೆ ನಾವು ಕಂಡುಕೊಂಡ ಪರಿಹಾರವೂ ಧಾರವಾಡದ್ದೇ. ಮರುದಿನ ಗ್ರಂಥಾಲಯಕ್ಕೆ ಹೋಗುವುದು, ಸಿನಿಮಾಕ್ಕೆ ಮೂಲವಾದ ಪುಸ್ತಕವನ್ನು ಹುಡುಕಿ ತೆಗೆಯುವುದು, ಕಪಾಟಿನ ಮುಂದೆ ನಿಂತೇ ಅದರ ಕೊನೆಯ ಅಧ್ಯಾಯವನ್ನಷ್ಟೇ ಓದುವುದು, ಅಲ್ಲಿಗೆ ಸಿನಿಮಾ ಮುಗಿಯಿತೆಂದು ಘೋಷಿಸುವುದು. ಮುಕ್ಕಾಲು ಭಾಗ ನೋಡಿದ್ದು, ಕಾಲು ಭಾಗ ಓದಿದ್ದು. ಎರಡನ್ನೂ ಸೇರಿಸಿ ಹೊಲಿದ ಆ ಕೌದಿಯನ್ನು ಹೊದ್ದುಕೊಂಡು ನಾವು ಇಷ್ಟು ವರ್ಷ ಬೆಚ್ಚಗೆ ವಾದ ಮಾಡಿಕೊಂಡು ಬಂದಿದ್ದೇವೆ. ಪುಸ್ತಕ ಬರೆದವನಿಗೂ ಸಿನಿಮಾ ತೆಗೆದವನಿಗೂ ಕೊನೆಯ ವಿಷಯದಲ್ಲಿ ಒಮ್ಮತ ಇಲ್ಲದೆ ಇದ್ದೀತು ಎಂಬ ಅನುಮಾನ ಇಷ್ಟು ವಿದ್ವಾಂಸರಿರುವ ಊರಿನಲ್ಲಿ ಒಬ್ಬರಿಗೂ ಬರಲಿಲ್ಲ.

ಈ ಪದ್ಧತಿಯಲ್ಲಿ ನೋಡಿದ ಒಂದು ಸಿನಿಮಾದ ಮೇಲೆ ತಮ್ಮ ಇಡೀ ಬದುಕನ್ನು ಕಟ್ಟಿಕೊಂಡವರು ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ.

ಅವರು ಆಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದರು. ಗೆಳತಿಯರೊಡನೆ ಮ್ಯಾಟಿನಿಗೆ ಹೋದರು. ಕಥೆ ಇಷ್ಟು: ಭೂಮಿ ಒಂದು ದಿನ ತಿರುಗುವುದನ್ನು ನಿಲ್ಲಿಸುತ್ತದೆ. ಯಾಕೆಂದು ಸಿನಿಮಾ ಹೇಳುವುದಿಲ್ಲ. ಒಬ್ಬ ವಿಜ್ಞಾನಿ ಕರಿಹಲಗೆಯ ಮೇಲೆ ಒಂದು ಗುಂಡು ಬರೆದು ಕನ್ನಡಕ ತೆಗೆಯುತ್ತಾನೆ. ಆ ಕಾಲದ ಸಿನಿಮಾಗಳಲ್ಲಿ ವಿಜ್ಞಾನಿ ಕನ್ನಡಕ ತೆಗೆದನೆಂದರೆ ವಿವರಣೆ ಮುಗಿಯಿತು. ಅರ್ಧ ಭೂಮಿಗೆ ಸದಾ ಹಗಲು, ಇನ್ನರ್ಧಕ್ಕೆ ಸದಾ ರಾತ್ರಿ. ಹುಬ್ಬಳ್ಳಿ-ಧಾರವಾಡದ ಪ್ರೇಕ್ಷಕರಿಗೆ ಇದು ಸುಲಭವಾಗಿ ಅರ್ಥವಾಯಿತು. ಹಗಲಿನ ಭಾಗ ಯಾವುದು ಎಂಬ ಬಗ್ಗೆ ಮಾತ್ರ ಎರಡು ಊರುಗಳಲ್ಲಿ ಎರಡು ಅಭಿಪ್ರಾಯ. ಕತ್ತಲ ಭಾಗದ ಡಾಕ್ಟರ್ ಒಬ್ಬಳು ಬಹಳ ದೂರ ನಡೆದು ಬೆಳಕಿನ ಗಡಿಗೆ ಬರುತ್ತಾಳೆ. ಅಲ್ಲೊಂದು ದೊಡ್ಡ ಬಾಗಿಲು. ಡಾಕ್ಟರ್ ಎಂಬ ಕಾರಣಕ್ಕೆ ಆಕೆಗೊಬ್ಬಳಿಗೇ ಒಳಗೆ ಹೋಗಲು ಪರವಾನಗಿ. ಹಿಂದೆ ಲಾಟೀನು ಹಿಡಿದು ಬಂದ ಅವಳ ರೋಗಿಗಳು ನಿಂತಿದ್ದಾರೆ. ಬಾಗಿಲು ಮೆಲ್ಲಗೆ ತೆರೆಯತೊಡಗುತ್ತದೆ.

ಅಷ್ಟರಲ್ಲಿ ವೈನಿ ಕೈಗಡಿಯಾರ ನೋಡಿ ಎದ್ದರು.

ಮರುದಿನ ಗ್ರಂಥಾಲಯ, ಕೊನೆಯ ಅಧ್ಯಾಯ. ಪುಸ್ತಕದಲ್ಲಿ ಡಾಕ್ಟರ್ ತೆರೆದ ಬಾಗಿಲಿಗೆ ಬೆನ್ನು ಮಾಡಿ, ಲಾಟೀನಿನ ಜನರ ನಡುವೆ ಹಾದು, ಕತ್ತಲಿಗೆ ಹೊರಳಿ ಹೋಗುತ್ತಾಳೆ. ಅದೇ ದಿನಗಳಲ್ಲಿ ದೂರದ ಊರಿನ ಸಂಶೋಧನಾ ಸಂಸ್ಥೆಯೊಂದು ನಕ್ಷತ್ರಗಳ ಅಭ್ಯಾಸಕ್ಕೆಂದು ವೈನಿಯನ್ನು ಕರೆದಿತ್ತು. ಅವರು ಬರುವುದಿಲ್ಲವೆಂದು ತಿಳಿಸಿ, ಇಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನದ ಶಿಕ್ಷಕಿಯಾದರು; ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದರು. ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: ಸಿನಿಮಾದಾಗ ಆ ಡಾಕ್ಟರ್ ತನ್ನ ಮಂದಿ ಸಲುವಾಗಿ ಹೊಳ್ಳಿ ಬಂದ್ಲು, ನಾನೂ ಬಂದೆ. ಪ್ರತಿ ವರ್ಷ ಸಾಲಿ ಶುರುವಾದಾಗ ಮೊದಲ ಪಿರಿಯಡ್ಡಿನಲ್ಲಿ ಈ ಕಥೆ ಹೇಳುತ್ತಿದ್ದರು. ಬೀಳ್ಕೊಡುಗೆಯ ದಿನ ಹುಡುಗಿಯರು ಇದನ್ನೇ ನಾಟಕ ಮಾಡಿದರು. ಡಾಕ್ಟರ್ ಪಾತ್ರಧಾರಿಣಿ ಇಳಕಲ್ ಸೀರೆಯುಟ್ಟು ರಟ್ಟಿನ ಬಾಗಿಲಿಗೆ ಬೆನ್ನು ತಿರುಗಿಸಿದಾಗ ಇಡೀ ಸ್ಟಾಫ್ ರೂಮು ಮೂಗು ಒರೆಸಿಕೊಂಡಿತು. ವೈನಿ ನಮ್ಮ ಅಣ್ಣನ ಸಲುವಾಗಿ ಊರಿನಲ್ಲೇ ಉಳಿದರೆಂದು ನಂಟರಲ್ಲಿ ಕೆಲವರು ತಿಳಿದಿದ್ದರು. ಆಗ ಅಣ್ಣ ಅವರಿಗೆ ಪರಿಚಯವೇ ಇರಲಿಲ್ಲ. ತನಗಾಗಿ ಯಾರೂ ಏನನ್ನೂ ತ್ಯಾಗ ಮಾಡಿಲ್ಲ ಎಂಬುದು ಅಣ್ಣನಿಗೆ ಇಂದಿಗೂ ದೊಡ್ಡ ನೆಮ್ಮದಿ.

ನಾನು ಕಾಲೇಜಿನ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಸಪ್ತಾಪುರದಲ್ಲಿ ನಮ್ಮಂಥ ಕೆಲವರು ಸೇರಿ ರವಿವಾರದ ಬಳಗ ಮಾಡಿಕೊಂಡೆವು. ಹಳೆಯ ವೈಜ್ಞಾನಿಕ ಸಿನಿಮಾ ನೋಡುವುದು, ಅದರ ಮೂಲ ಪುಸ್ತಕದ ಬಗ್ಗೆ ಮಾತಾಡುವುದು. ಮಧ್ಯೆ ಎದ್ದು ಹೋಗಲು ಈಗ ಬಸ್ಸಿನ ನೆಪವಿರಲಿಲ್ಲವಾದ್ದರಿಂದ ಕೊನೆಗಳನ್ನು ನೋಡಲೇಬೇಕಾಯಿತು. ಬಹಳ ಕಷ್ಟದ ಅನುಭವ. ನಮ್ಮ ಬಾಲ್ಯವನ್ನು ನಡುಗಿಸಿದ ರಾಕ್ಷಸ ಬೆನ್ನು ತಿರುಗಿಸಿದಾಗ ಜಿಪ್ಪು ಕಂಡಿತು. ಯಂತ್ರಮಾನವನ ಕಾಲುಗಳು ನೀರು ಕಾಯಿಸುವ ಬಂಬಿನ ಕೊಳವೆಯಾಗಿದ್ದವು. ಆಕಾಶನೌಕೆಯ ಕೋಣೆಯಲ್ಲಿ ನೂರಾರು ದೀಪ ಮಿಣುಕುತ್ತಿದ್ದವು, ಒಂದಕ್ಕೂ ಕೆಲಸವಿರಲಿಲ್ಲ. ಎಷ್ಟೋ ಶತಮಾನ ಮುಂದಿನ ಕಥೆಯಲ್ಲೂ ಕಾಫಿ ತರುವವಳು ಹೆಣ್ಣುಮಗಳೇ. ವಿಜ್ಞಾನ ಅಷ್ಟು ದೂರ ಹೋಗಿರಲಿಲ್ಲ. ಪುಸ್ತಕಗಳ ಸಂಗತಿ ಬೇರೆ. ಪುಸ್ತಕದಲ್ಲಿ ಪುಟಗಟ್ಟಲೆ ಯೋಚಿಸಿ, ತಾನು ಯಾಕೆ ಹುಟ್ಟಿದೆನೆಂದು ವ್ಯಥೆಪಡುವ ಯಂತ್ರ, ಸಿನಿಮಾದಲ್ಲಿ ಬಂದ ಕೂಡಲೇ ಕಿಟಕಿ ಒಡೆಯುತ್ತದೆ. ಆದರೂ ನಾವು ಪ್ರತಿ ರವಿವಾರ ತಪ್ಪದೆ ಸೇರಿದೆವು. ನಮ್ಮದು ಒಂದೇ ನಿಯಮ: ವೇದಿಕೆ ಇಲ್ಲ, ಹಾರ ಇಲ್ಲ, ಅಧ್ಯಕ್ಷರಿಲ್ಲ. ಧಾರವಾಡದಲ್ಲಿ ಇದು ಸಣ್ಣ ಕ್ರಾಂತಿ. ಕ್ರಾಂತಿಯ ನಾಯಕ ನಾನೇ.

ವೈನಿ ಪ್ರತಿ ಸಲವೂ ಬಂದು, ನನ್ನ ಸಿನಿಮಾ ಯಾವಾಗ ಎಂದು ಕೇಳುತ್ತಿದ್ದರು. ಅದು ಎಲ್ಲೂ ಸಿಗುತ್ತಿರಲಿಲ್ಲ. ಕಡೆಗೆ ಕಳೆದ ವರ್ಷ ಬಳಗದ ಒಬ್ಬರ ಪರಿಚಯದವರು ಎಲ್ಲಿಂದಲೋ ಹುಡುಕಿ ಪೆನ್‌ಡ್ರೈವಿನಲ್ಲಿ ಕಳಿಸಿದರು. ಸುದ್ದಿ ಕೇಳಿದ ದಿನವೇ ವೈನಿ ತಮ್ಮ ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಫೋನು ಮಾಡಿಬಿಟ್ಟರು. ಅವರಲ್ಲಿ ಈಗ ಬ್ಯಾಂಕಿನವರಿದ್ದಾರೆ, ತಹಶೀಲ್ದಾರ್ ಕಚೇರಿಯವರಿದ್ದಾರೆ, ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರಿದ್ದಾರೆ. ಎಲ್ಲರೂ ಬರುತ್ತೇವೆಂದರು. ಟೀಚರ್ ಹೇಳಿದ ಆ ಡಾಕ್ಟರ್ ಹೊಳ್ಳಿ ಬರುವುದನ್ನು ಯಾರು ತಪ್ಪಿಸಿಕೊಳ್ಳುತ್ತಾರೆ?

ಪ್ರತಿ ಸರಿಯಾಗಿದೆಯೋ ಇಲ್ಲವೋ ನೋಡೋಣವೆಂದು ನಾನು ಮನೆಯಲ್ಲಿ ಒಬ್ಬನೇ ಕುಳಿತು ಪೂರ್ತಿ ನೋಡಿದೆ. ಪ್ರತಿ ಸರಿಯಾಗಿತ್ತು. ಕೊನೆ ಸರಿಯಿರಲಿಲ್ಲ. ಬಾಗಿಲು ತೆರೆಯಿತು, ಡಾಕ್ಟರ್ ಒಳಗೆ ಹೋದಳು. ಹೋಗುವಾಗ ಹಿಂದೆ ತಿರುಗಿ ಸಹ ನೋಡಲಿಲ್ಲ. ಬಾಗಿಲು ಮುಚ್ಚಿತು, ಪಿಟೀಲುಗಳು ಮೊಳಗಿದವು, ಮುಗಿಯಿತು. ಎರಡನೆಯ ಸಲ ನೋಡಿದರೆ ಮನಸ್ಸು ಬದಲಿಸಿಯಾಳೇನೋ ಎಂದು ಇನ್ನೊಮ್ಮೆ ನೋಡಿದೆ. ಬದಲಿಸಲಿಲ್ಲ.

ಗುಟ್ಟನ್ನು ಅಣ್ಣನಿಗೆ ಹೇಳಿದೆ. ಅಣ್ಣ ಸಿನಿಮಾದಲ್ಲಿ ಎಷ್ಟು ಒಳ್ಳೆಯ ನಿದ್ದೆ ಬಂತು ಎಂಬುದರ ಮೇಲೆ ಸಿನಿಮಾದ ಯೋಗ್ಯತೆ ಅಳೆಯುವವನು.

“ಇಷ್ಟ ವರ್ಷ ಆದಮ್ಯಾಲೆ ಆ ಬಾಗಲಾ ತಗದ್ರೇನು, ಹಾಕಿದ್ರೇನೋ?” ಎಂದ. “ಆದ್ರ ನನ್ನ ಮುಂದ ಹೇಳೀನಿ ಅಂತ ಆಕಿಗೆ ಹೇಳಬ್ಯಾಡ. ನಾ ಅದ ಮನ್ಯಾಗ ಇರಾಂವ,” ಎಂದು ಸೇರಿಸಿದ.

ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಒಬ್ಬ ಹೆಣ್ಣುಮಗಳು ನಕ್ಷತ್ರಗಳನ್ನು ಬಿಟ್ಟು ಬಂದದ್ದಕ್ಕೆ ಇದ್ದ ಒಂದೇ ಒಂದು ಆಧಾರವನ್ನು, ಆಕೆಯ ಹುಡುಗಿಯರ ಎದುರಿಗೇ, ಬಿಳಿ ಪರದೆಯ ಮೇಲೆ, ನನ್ನ ಕೈಯಾರೆ ಕಿತ್ತು ಹಾಕಬೇಕೆ? ಸಿನಿಮಾ ರದ್ದು ಮಾಡುವಂತಿರಲಿಲ್ಲ. ಕೊನೆ ಮಾತ್ರ ಬರದಂತೆ ಮಾಡಬೇಕಿತ್ತು. ಹಿಂದೆ ಆ ಕೆಲಸವನ್ನು ಬಸ್ಸು ಮಾಡಿತ್ತು. ಈಗ ಬಸ್ಸಿಗಿಂತ ನಂಬಿಕಸ್ಥವಾದ ಇನ್ನೊಂದು ಸಾಧನ ನಮ್ಮ ಊರಲ್ಲಿದೆಯಲ್ಲ ಎಂದು ಬೆಳಗಿನ ಚಹಾದ ಹೊತ್ತಿಗೆ ಹೊಳೆಯಿತು. ಅದೇ ಕಾರ್ಯಕ್ರಮ.

ಮಂದಿ ಜಾಸ್ತಿ ಬರುತ್ತಾರೆಂದು ದೊಡ್ಡ ಸಭಾಂಗಣ ಹಿಡಿದಿದ್ದೆವು. ಎಂಟು ಗಂಟೆಗೆ ಅಲ್ಲಿನ ಕಾವಲುಗಾರ ದೀಪ ಆರಿಸಿ ಕೀಲಿ ಹಾಕುತ್ತಾನೆ. ಈ ವಿಷಯದಲ್ಲಿ ಆತನಿಗೆ ಮಂತ್ರಿಯೂ ಒಂದೇ, ಮಾಸ್ತರನೂ ಒಂದೇ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿ ಪರಿಚಯ, ಅಧ್ಯಕ್ಷೀಯ ಭಾಷಣ ಎಲ್ಲವನ್ನೂ ವಿಧಿವತ್ತಾಗಿ ಮುಗಿಸಿ ಸಿನಿಮಾ ಹಚ್ಚಿದರೆ, ಡಾಕ್ಟರ್ ಬಾಗಿಲ ಹತ್ತಿರ ಬರುವ ಮೊದಲೇ ಎಂಟು ಹೊಡೆಯುತ್ತದೆ. ಧಾರವಾಡದ ಕಾರ್ಯಕ್ರಮ ಮನಸ್ಸು ಮಾಡಿದರೆ ಯಾವ ಸಿನಿಮಾವನ್ನೂ ತಿಂದು ತೇಗಬಲ್ಲದು. ಹೀಗೆ, ಭಾಷಣಗಳ ವಿರುದ್ಧ ಕ್ರಾಂತಿ ಮಾಡಿದ ನಾಯಕ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ತರಲು ಮಾರ್ಕೆಟ್ಟಿಗೆ ಹೊರಟ.

ಅಧ್ಯಕ್ಷರ ಆಯ್ಕೆ ಕಷ್ಟವಾಗಲಿಲ್ಲ. ನಿವೃತ್ತ ಪ್ರಾಂಶುಪಾಲರೊಬ್ಬರಿದ್ದಾರೆ, ಅವರು ಮಾತು ನಿಲ್ಲಿಸಿದ್ದನ್ನು ಕಂಡವರಿಲ್ಲ, ಸಭೆಗಳೇ ಅವರನ್ನು ಬಿಟ್ಟು ಎದ್ದು ಹೋಗಿವೆ. ಸಿನಿಮಾ ನೋಡಿರಲಿಲ್ಲ, ಪುಸ್ತಕ ಓದಿರಲಿಲ್ಲ. ಅಧ್ಯಕ್ಷರಿಗೆ ಇರಬೇಕಾದ ಅರ್ಹತೆಗಳೇ ಅವು. ಓದಿದವರ ಭಾಷಣ ಬೇಗ ಮುಗಿದುಬಿಡುತ್ತದೆ. ಎಷ್ಟು ಹೊತ್ತು ಮಾತಾಡಬೇಕು ಎಂದು ಫೋನಿನಲ್ಲಿ ಕೇಳಿದರು. ತಮಗೆ ತಿಳಿದಷ್ಟು ಎಂದೆ. ಆ ಮಾತನ್ನು ಅವರಿಗೆ ಜೀವಮಾನದಲ್ಲಿ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ವಿಷಯ ವಿಜ್ಞಾನವೋ, ಸಾಹಿತ್ಯವೋ, ಸಿನಿಮಾವೋ ಎಂದು ಗದ್ಗದವಾಗಿ ಕೇಳಿದರು. ಮೂರೂ ಎಂದೆ.

ವೈನಿಗೆ ವಾಸನೆ ಬಡಿಯಿತು. “ನಿನಗ ಯಾವಾಗಿಂದ ಅಧ್ಯಕ್ಷರು ಬೇಕಾದ್ರು?” ಎಂದು ಕೇಳಿದರು. ಮಂದಿ ಬಹಳ ಬರಾಕತ್ತಾರ್ರಿ ವೈನಿ, ಮರ್ಯಾದಿ ಪ್ರಶ್ನೆ ಐತ್ರಿ ಎಂದೆ. ಹೋಮ್‌ವರ್ಕ್ ಪಕ್ಕದವಳ ನೋಡಿ ಬರೆದುಕೊಂಡು ಬಂದ ಹುಡುಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು. ವಂದನಾರ್ಪಣೆ ಮಾತ್ರ ತಾವೇ ಮಾಡುವುದಾಗಿ ಹೇಳಿದರು.

ಆ ರವಿವಾರ ಎಲ್ಲವೂ ನಾನು ಬಯಸಿದಂತೆ ಮಂದಗತಿಯಲ್ಲಿ ಸಾಗಿತು. ಪ್ರಾರ್ಥನೆ ಹಾಡಿದವರಿಗೆ ಇನ್ನೊಂದು ಹಾಡಲು ನಾನೇ ಒತ್ತಾಯ ಮಾಡಿದೆ. ಸ್ವಾಗತ ಭಾಷಣದಲ್ಲಿ ಪ್ರತಿಯೊಬ್ಬರನ್ನೂ ಅವರವರ ಸದ್ಗುಣಗಳ ಸಮೇತ ಸ್ವಾಗತಿಸಿದೆ. ಗುಣಗಳು ಸಾಲದೆ ಹೋದಾಗ ಮೈಕಿನವರನ್ನೂ, ಕುರ್ಚಿ ಕೊಟ್ಟವರನ್ನೂ ಸ್ವಾಗತಿಸಿದೆ. ಬಳಿಕ ಅಧ್ಯಕ್ಷರು ಎದ್ದರು. ಬ್ರಹ್ಮಾಂಡದ ಉತ್ಪತ್ತಿಯಿಂದ ಶುರು ಮಾಡಿದರು. ಪುಷ್ಪಕ ವಿಮಾನದ ಇಂಧನ ಯಾವುದಿದ್ದೀತು ಎಂಬ ಚರ್ಚೆಯ ಮೂಲಕ ಹಾದು, ತಮ್ಮ ಪ್ರಾಥಮಿಕ ಶಾಲೆಯ ದಿನಗಳಿಗೆ ಬಂದರು. ಅಲ್ಲಿ ಅವರು ನೆಲೆಯೂರುವ ಲಕ್ಷಣ ಕಂಡಿತು. ನಾನು ಗೋಡೆಯ ಗಡಿಯಾರವನ್ನು ನೋಡಿದೆ. ಅಷ್ಟು ತೃಪ್ತಿಯಿಂದ ಯಾವ ಭಾಷಣವನ್ನೂ ನಾನು ಹಿಂದೆ ಕೇಳಿದ್ದಿಲ್ಲ.

ಆಗ ಮುಂದಿನ ಸಾಲಿನಿಂದ ವೈನಿ ಎದ್ದರು.

ಓದುಗರಲ್ಲಿ ಹೊರಗಿನವರಿದ್ದರೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಭಾಷಣಕಾರರನ್ನು ನಿಲ್ಲಿಸಲು ಚೀಟಿ ಕಳಿಸುವ ಸಂಪ್ರದಾಯವಿದೆ, ಅದನ್ನು ಓದದೆ ಜೇಬಿಗೆ ಹಾಕಿಕೊಳ್ಳುವ ಸಂಪ್ರದಾಯವೂ ಇದೆ. ಆದರೆ ಸನ್ಮಾನ ಎಂಬುದು ಬೇರೆ. ಅದು ನಡೆಯುವುದು ಭಾಷಣ ಮುಗಿದ ಮೇಲೆ. ಆದ್ದರಿಂದ ಶಾಲು ಹೊದಿಸಿದರೆಂದರೆ ಭಾಷಣ ಮುಗಿದಿದೆ ಎಂದೇ ಅರ್ಥ. ಹೆಗಲ ಮೇಲೆ ಶಾಲು ಬಿದ್ದ ಮೇಲೂ ಮಾತಾಡಿದವರು ಧಾರವಾಡದ ಇತಿಹಾಸದಲ್ಲಿಲ್ಲ. ವೈನಿ ನೆಟ್ಟಗೆ ವೇದಿಕೆ ಹತ್ತಿ, ಮೇಜಿನ ಮೇಲಿದ್ದ ಶಾಲು ಬಿಡಿಸಿ, “ಇನ್ನು ಎರಡನೆಯ ಅಂಶಕ್ಕೆ ಬರುವುದಾದರೆ” ಎನ್ನುತ್ತಿದ್ದ ಅಧ್ಯಕ್ಷರ ಹೆಗಲಿಗೆ ಹೊದಿಸಿಬಿಟ್ಟರು. ಗಂಧದ ಹಾರ ಹಾಕಿದರು. ಹಣ್ಣಿನ ಬುಟ್ಟಿಯನ್ನು ಎರಡೂ ಕೈಗೆ ಕೊಟ್ಟರು. ಮೈಕು ಹಿಡಿಯಲು ಅವರಿಗೆ ಕೈಯೇ ಉಳಿಯಲಿಲ್ಲ. ಎಲ್ಲಿ ಚಪ್ಪಾಳೆ ತಟ್ಟಬೇಕೆಂದು ವೈನಿಯಿಂದಲೇ ಕಲಿತ ಆ ಹೆಂಗಸರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಬುಟ್ಟಿಯ ಮೇಲಿಂದ ಸಭೆಗೆ ನಮಸ್ಕಾರದಂಥದ್ದೇನೋ ಮಾಡಿ ಕುಳಿತರು.

ವೈನಿ ಇಳಿಯುವಾಗ ನನ್ನ ಕುರ್ಚಿಯ ಹತ್ತಿರ ಒಂದು ಕ್ಷಣ ನಿಂತು, “ಲಗೂ ಹಚ್ಚು,” ಎಂದರು.

ಹಚ್ಚಿದೆ. ಅಣ್ಣ ಕೂಡಲೇ ನಿದ್ದೆ ಹೋದ; ಒಳ್ಳೆಯ ಸಿನಿಮಾ ಎಂದು ಅದರಿಂದಲೇ ತಿಳಿಯಿತು. ವಿಜ್ಞಾನಿ ಕನ್ನಡಕ ತೆಗೆದ. ಭೂಮಿ ನಿಂತಿತು. ನಾನು ಕೂಡ ಅದರ ಜೊತೆಗೇ ನಿಂತುಕೊಂಡಂತಾಯಿತು. ಆ ಮಹಾದ್ವಾರ ದೊಡ್ಡ ಪರದೆಯ ಮೇಲೆ ಅಮರಗೋಳದ ಗೋದಾಮಿನ ತಗಡಿನ ಬಾಗಿಲಿನಂತೆ ಕಂಡಿತು, ಬಣ್ಣ ಸಹ ಅದೇ. ಆದರೆ ಯಾರೂ ನಗಲಿಲ್ಲ. ಎಂಟು ಗಂಟೆಗೆ ಕಾವಲುಗಾರ ಕೀಲಿಯ ಗೊಂಚಲು ಹಿಡಿದು ಬಂದ. ನನ್ನ ಕೊನೆಯ ಆಸೆ ಅವನೇ. ಅವನು ಪರದೆಯ ಕಡೆ ಒಮ್ಮೆ ನೋಡಿ, ಕಂಬಕ್ಕೆ ಒರಗಿ, ತಾನೂ ನೋಡುತ್ತ ನಿಂತುಬಿಟ್ಟ.

ಬಾಗಿಲು ತೆರೆಯಿತು. ಡಾಕ್ಟರ್ ಒಳಗೆ ಹೋದಳು. ಪಿಟೀಲುಗಳು ಮೊಳಗಿದವು.

ದೀಪ ಹತ್ತಿದಾಗ ಅಷ್ಟೂ ಹೆಂಗಸರು ಪರದೆಯ ಕಡೆ ನೋಡುತ್ತಿರಲಿಲ್ಲ. ವೈನಿಯ ಕಡೆ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಅವರ ತಲೆಯ ಹಿಂಭಾಗವಷ್ಟೇ ನನಗೆ ಕಾಣುತ್ತಿತ್ತು. ಆಮೇಲೆ ಅವರು ಎದ್ದು, ಸೆರಗು ಸರಿ ಮಾಡಿಕೊಂಡು, ವಂದನಾರ್ಪಣೆಗೆಂದು ಮೈಕಿನ ಮುಂದೆ ನಿಂತರು.

“ನಿಮಗ ನಾ ಸಾಲ್ಯಾಗ ಹೇಳಿದ್ದು ತಪ್ಪು,” ಎಂದರು. “ಆಕಿ ಒಳಗ ಹೋದ್ಲು. ಅವತ್ತ ನಾ ಬಸ್ಸಿಗೆ ಅಂತ ಎದ್ದೆ. ಮರುದಿನಾ ಪುಸ್ತಕದಾಗ ಹೊಳ್ಳಿ ಬಂದಿದ್ದು ಓದಿದೆ. ಎರಡೂ ಕೂಡಿಸಿ ಒಂದ ಕಥಿ ಮಾಡಿಕೊಂಡೆ, ನಿಮಗೂ ಅದನ್ನ ಕಲಿಸಿದೆ.”

ನಡುವಿನ ಸಾಲಿನಿಂದ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ವ್ಯಾಪಾರದ ಹೆಂಗಸು, ತರಗತಿಯಲ್ಲಿ ಏಳುವಂತೆಯೇ ಎದ್ದು ನಿಂತು ಕೇಳಿದಳು. “ಅವತ್ತ ಪೂರ್ತಿ ನೋಡಿದ್ರ ನೀವೂ ಹೋಗ್ತಿದ್ರೇನ್ರಿ ಟೀಚರ್?”

ಬೇರೆ ಯಾರಾದರೂ ಆಗಿದ್ದರೆ ಅಲ್ಲೊಂದು ಒಳ್ಳೆಯ ಮಾತು ಆಡುತ್ತಿದ್ದರು. ನಿಮ್ಮನ್ನೆಲ್ಲ ಬಿಟ್ಟು ಹೆಂಗ ಹೋಗ್ತಿದ್ದೆ ಎಂದು. ಸಭೆ ಅದಕ್ಕೆ ತಯಾರಾಗಿ ಕುಳಿತಿತ್ತು. ಕರವಸ್ತ್ರಗಳು ಹೊರಗೆ ಬಂದಿದ್ದವು. ವೈನಿ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಯೋಚಿಸುವಂತೆ ಯೋಚಿಸಿದರು.

“ಹೋಗ್ತಿದ್ದೆ ಕಾಣಸ್ತೈತಿ,” ಎಂದರು. “ಅದೂ ಛಲೋನ ಇರ್ತಿತ್ತು.”

ಕರವಸ್ತ್ರಗಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ವೈನಿ ಮೈಕಿನವರಿಗೂ ಕಾವಲುಗಾರನಿಗೂ ವಂದಿಸಿ, ಚುಟುಕಾಗಿ ಮಾತಾಡಿದ್ದಕ್ಕೆ ಅಧ್ಯಕ್ಷರಿಗೆ ವಿಶೇಷವಾಗಿ ವಂದಿಸಿ ಕೆಳಗಿಳಿದರು.

ಮನೆಗೆ ನಡೆದುಕೊಂಡೇ ಬಂದೆವು. ಅಣ್ಣ ನಿದ್ದೆಯ ಉಳಿಕೆಯಲ್ಲಿ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದ. ನಿನಗೆ ಮೊದಲೇ ಗೊತ್ತಿತ್ತಲ್ಲ ಎಂದು ವೈನಿ ಕೇಳಿದರು. ಗೊತ್ತಿತ್ತು ಎಂದೆ. ನಿಮಗೆ ನೋವಾದೀತೆಂದು ಹಾಗೆ ಮಾಡಿದೆ ಎಂದು ವಿವರಿಸಲು ಹೊರಟೆ. ನೋವಾದರೆ ಆಗುತ್ತಿತ್ತು, ಅದು ಆಗಬೇಕೋ ಬೇಡವೋ ಎಂದು ತೀರ್ಮಾನಿಸಲು ನಿನ್ನನ್ನು ಯಾರು ಅಧ್ಯಕ್ಷನನ್ನಾಗಿ ಮಾಡಿದರು ಎಂದು ಕೇಳಿದರು.

ಸಪ್ತಾಪುರದ ತಿರುವಿನಲ್ಲಿ ಅವರು ನಿಂತರು. “ಒಂದ ಮಾತು ಕೇಳತೇನಿ. ಪುಸ್ತಕದಾಕಿ ಯಾಕ ಹೊಳ್ಳಿ ಬಂದ್ಲು?”

ತನ್ನ ಮಂದಿಯ ಸಲುವಾಗಿ, ನೀವೇ ಹೇಳುತ್ತಿದ್ದಿರಲ್ಲ ಎಂದೆ.

“ಅದು ನಾ ಅಂದ್ಕೊಂಡಿದ್ದು. ಅಲ್ಲೆ ಬರದಿತ್ತೋ ಇಲ್ಲೋ? ನಾ ಬರೇ ಕಡೇ ಅಧ್ಯಾಯ ಓದೇನಿ. ನೀ ಪೂರ್ತಿ ಓದೀಯೇನು?”

ಬಳಗದ ಸಂಚಾಲಕನೂ, ಸಿನಿಮಾ ಮತ್ತು ಮೂಲಕೃತಿಗಳ ತೌಲನಿಕ ಅಧ್ಯಯನದಲ್ಲಿ ನುರಿತವನೂ ಆದ ನಾನು ಅದರ ಕೊನೆಯ ಅಧ್ಯಾಯವನ್ನು ಬಹಳ ಆಳವಾಗಿ ಓದಿದ್ದೆ.

ಪುಸ್ತಕವನ್ನು ವಿದ್ಯಾನಗರದ ಹಳೆಯ ಪುಸ್ತಕದ ಅಂಗಡಿಯವರು ಹುಡುಕಿ ತರಿಸಿಕೊಟ್ಟರು. ವೈನಿ ಪಡಸಾಲೆಯಲ್ಲಿ ಕುಳಿತು, ದಪ್ಪ ಕನ್ನಡಕ ಹಾಕಿಕೊಂಡು, ಮೊದಲ ಪುಟದಿಂದ ಶುರು ಮಾಡಿದರು. ಆ ವಾರವೆಲ್ಲ ಅಣ್ಣ ತನ್ನ ಚಹಾ ತಾನೇ ಮಾಡಿಕೊಂಡ. ಒಂದು ಮಧ್ಯಾಹ್ನ ನನಗೆ ಬರಹೇಳಿದರು. ಹೋದರೆ ಪುಸ್ತಕ ಮಡಿಲಲ್ಲಿ ತೆರೆದಿತ್ತು, ವೈನಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಬೆರಳಿಟ್ಟು ತೋರಿಸಿದರು. ಮೊದಲ ಭಾಗದಲ್ಲೇ ಇತ್ತು. ಡಾಕ್ಟರ್ ರೋಗಿಗಳನ್ನು ನೋಡಿ ಬಂದು, ಮಾಳಿಗೆ ಹತ್ತಿ, ಮುಗಿಯದ ಆ ರಾತ್ರಿಯ ಆಕಾಶವನ್ನು ನೋಡುತ್ತ ಕುಳಿತುಕೊಳ್ಳುತ್ತಾಳೆ. ಸದಾ ಹಗಲಿರುವ ಕಡೆ ಎಲ್ಲವೂ ಸಿಕ್ಕೀತು, ಇದೊಂದು ಸಿಗುವುದಿಲ್ಲ ಎಂದುಕೊಳ್ಳುತ್ತಾಳೆ.

“ಆಕಿ ಬಂದಿದ್ದು ಮಂದಿ ಸಲುವಾಗಿ ಅಲ್ಲೋ,” ಎಂದರು ವೈನಿ, ನಗು ತಡೆದುಕೊಂಡು. “ಚುಕ್ಕಿ ಸಲುವಾಗಿ ಹೊಳ್ಳಿ ಬಂದ್ಲು. ನಾ ಆಕೀನ ನೋಡಿ ಚುಕ್ಕೀನ ಬಿಟ್ಟು ಬಂದೆ.”

ನಾನು ನಗಲು ಹೋಗಿ ನಗಲಾರದೆ, ಸಮಾಧಾನ ಹೇಳಲು ಹೋಗಿ ಅದೂ ಬಾರದೆ, ಎದುರಿನ ಕುರ್ಚಿಯಲ್ಲಿ ಕುಳಿತೆ. ಕಥೆ ಬೇರೆಯಾದರೂ ನಿಮ್ಮ ಸಾಲಿ, ನಿಮ್ಮ ಹುಡುಗಿಯರು ಖರೇ ಅಲ್ಲವೇ ಎಂಬರ್ಥದ, ಅಧ್ಯಕ್ಷೀಯ ಭಾಷಣಕ್ಕೆ ಯೋಗ್ಯವಾದ ಒಂದು ವಾಕ್ಯವನ್ನು ಶುರು ಮಾಡಿದೆ. ವೈನಿ ಕೈ ಎತ್ತಿದರು. ನಗು ನಿಂತಿತ್ತು.

“ಸಮಾಧಾನ ಬ್ಯಾಡ,” ಎಂದರು. “ಫೋನು ಕೊಡು.”

ಅಂದಿನಿಂದ ತಮ್ಮ ಹುಡುಗಿಯರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ತಿದ್ದುಪಡಿ ಹೇಳತೊಡಗಿದರು: ಸಿನಿಮಾದಾಕಿ ಹೋದಳು, ಪುಸ್ತಕದಾಕಿ ಚುಕ್ಕಿಗಾಗಿ ಬಂದಳು, ಟೀಚರ್ ಇಬ್ಬರನ್ನೂ ಪೂರ್ತಿ ಕೇಳಿಕೊಳ್ಳಲಿಲ್ಲ, ತಿದ್ದಿಕೊಳ್ಳಿರಿ. ನಾನು ಎದುರಿಗೆ ಕುಳಿತು ಒಂದು ಕಡೆಯ ಮಾತು ಕೇಳುತ್ತಿದ್ದೆ. ಬಹಳ ಮಂದಿ ಆಗಲಿ ಎಂದರು. ಬ್ಯಾಂಕಿನಾಕೆ ಮಾತ್ರ ಒಪ್ಪಲಿಲ್ಲವೆಂದು ವೈನಿ ಆಮೇಲೆ ಹೇಳಿದರು. ತಾನು ಆ ಹಳೆಯ ಕಥೆ ಕೇಳಿಯೇ ಬೇರೆ ಊರಿಗೆ ಬಡ್ತಿ ಬೇಡವೆಂದು ಬರೆದುಕೊಟ್ಟು, ಕಾಯಿಲೆಯಾದ ಅವ್ವನ ಹತ್ತಿರ ಉಳಿದವಳು. ಈಗ ಹೀಗೆ ಹೇಳಿದರೆ ಹೇಗೆ ಎಂದು ಜಗಳ ತೆಗೆದಳಂತೆ.

ಅದಕ್ಕೆ ವೈನಿ ಅಂದದ್ದನ್ನು ನಾನೇ ಕೇಳಿದ್ದೆ: “ನೀ ನಿಮ್ಮವ್ವನ ಸಲುವಾಗಿ ಉಳದಿ, ಹುಚ್ಚಿ. ಸಿನಿಮಾ ಸಲುವಾಗಿ ಅಲ್ಲ. ಉಳದಿದ್ದು ನಿನ್ನ ಲೆಕ್ಕಕ್ಕ ಹಿಡಿ, ನನ್ನ ಲೆಕ್ಕಕ್ಕ ಬ್ಯಾಡ.”

ಅಷ್ಟು ಹೇಳಿ ಫೋನು ಕೆಳಗಿಟ್ಟರು. ಅಣ್ಣ ಕಪ್ಪು ಹಿಡಿದು ಬಂದು, ಚಹಾದಲ್ಲಿ ಸಕ್ಕರೆ ಹಾಕಿದ್ದೇನೆಯೋ ಇಲ್ಲವೋ ನೆನಪಿಲ್ಲವೆಂದು ತಿಳಿಸಿದ. ವೈನಿ ಕುಡಿದು ನೋಡಿ, ಇಲ್ಲವೆಂದರು. ಕಪ್ಪನ್ನು ಬದಿಗಿಟ್ಟು, ಮುಂದಿನ ನಂಬರು ಹಚ್ಚಿಕೊಡು ಎಂದು ನನ್ನ ಕಡೆ ಫೋನು ಚಾಚಿದರು.